‘ಯಾರಿಗೆ ಅಂತ್ಲೇ ಬರ್ದಿಲ್ವಲ್ಲ’: ಮಹಿಳಾ ಕರಪತ್ರದಿಂದ ಬಿಟ್ಟುಹೋದ ಸಾಲು

2021ರ ಏಪ್ರಿಲ್ 27ರಂದು ಬೇಲೂರು ಪುರಸಭೆಗೆ ಮತದಾನ ನಡೆಯಿತು. ಕೋವಿಡ್‌ನ ಎರಡನೇ ಅಲೆ ಏರುತ್ತಿದ್ದ ದಿನಗಳವು. ಅದೇ ರಾತ್ರಿ ಒಂಬತ್ತರಿಂದ ಹದಿನಾಲ್ಕು ದಿನ ಇಡೀ ರಾಜ್ಯವನ್ನು ಮುಚ್ಚುವುದಾಗಿ ಸರ್ಕಾರ ಹೇಳಿತ್ತು. ನನ್ನೂರು ಅರೇಹಳ್ಳಿ. ನಮ್ಮದು ಗ್ರಾಮ ಪಂಚಾಯಿತಿ, ಹಾಗಾಗಿ ಬೇಲೂರಿನಲ್ಲಿ ನನಗೆ ಮತವಿರಲಿಲ್ಲ. ಚಿಕ್ಕಮ್ಮನ ಮನೆಯಲ್ಲಿದ್ದೆ. ಮತಗಟ್ಟೆಗೆ ಹೊರಡುವ ಮೊದಲು ಅವರು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟಿದ್ದ ಒಂದು ಕರಪತ್ರ ತೆಗೆದು, ಕನ್ನಡಕ ಹಾಕಿಕೊಂಡು, ಮೇಲಿನಿಂದ ಕೆಳಗಿನವರೆಗೆ ಓದಿದರು. ಆಮೇಲೆ ತಿರುಗಿಸಿ ನೋಡಿದರು. ಹಿಂಭಾಗ ಖಾಲಿ.

“ಎಲ್ಲಾ ಸರಿಯಾಗೇ ಬರ್ದಿದ್ದೀರ ಕಣೇ. ಆದ್ರೆ ಯಾರಿಗೆ ಹಾಕ್ಬೇಕು ಅಂತ್ಲೇ ಬರ್ದಿಲ್ವಲ್ಲ?”

ಆ ಕರಪತ್ರ ಹೊರಡಿಸಿದ್ದು ಏಳೆಂಟು ಜನರ ಒಂದು ಸಣ್ಣ ಮಹಿಳಾ ಗುಂಪು. ಬರೆದವರಲ್ಲಿ ನಾನೂ ಒಬ್ಬಳು. ಮೊದಲ ಕರಡಿನಲ್ಲಿ ಕೊನೆಗೆ ಒಂದು ಹೆಸರಿತ್ತು. ಪಕ್ಷೇತರವಾಗಿ ನಿಂತಿದ್ದ, ನೀರಿಗಾಗಿ ಎಷ್ಟೋ ಸಲ ಕಚೇರಿ ಮೆಟ್ಟಿಲು ಹತ್ತಿದ್ದ ಒಬ್ಬ ಹೆಣ್ಣುಮಗಳ ಹೆಸರು. ಎರಡು ಸಂಜೆ ಚರ್ಚೆಯಾಗಿ ಅದನ್ನು ತೆಗೆದೆವು. ಅದರ ಜಾಗದಲ್ಲಿ ‘ಮಹಿಳೆಯರ ಘನತೆಯನ್ನು ಎತ್ತಿಹಿಡಿಯುವವರಿಗೆ ಮತ ನೀಡಿ’ ಎಂಬ ಸಾಲು ಬಂತು. ಆ ಸಾಲನ್ನು ಟೈಪ್ ಮಾಡಿದವಳು ನಾನೇ. ಚಿಕ್ಕಮ್ಮನಿಗೆ ಅವತ್ತು ಏನೂ ಉತ್ತರ ಕೊಡಲಿಲ್ಲ. ಅಂದಿನಿಂದ ನಾನು ಓದುವ ಪ್ರತಿ ಮಹಿಳಾ ಕರಪತ್ರದಲ್ಲೂ ಆ ಪ್ರಶ್ನೆ ಅಡ್ಡ ಬರುತ್ತಿದೆ.

ಕರಪತ್ರವನ್ನು ನಾವು ಸಾಹಿತ್ಯವೆಂದು ಓದುವುದಿಲ್ಲ. ಚುನಾವಣೆ ಮುಗಿದ ಮಾರನೆಯ ದಿನ ಅದು ಬೋಂಡ ಕಟ್ಟುವ ಕಾಗದ. ಆದರೆ ಕನ್ನಡದ ಮಹಿಳಾ ಚಳವಳಿ ಅತಿ ಹೆಚ್ಚು ಜನರನ್ನು ತಲುಪಿದ ಬರಹದ ರೂಪ ಕಥೆಯೂ ಅಲ್ಲ, ಕವಿತೆಯೂ ಅಲ್ಲ, ಕರಪತ್ರ. ಅದಕ್ಕೆ ತನ್ನದೇ ಒಂದು ಕಟ್ಟು ಇದೆ. ಮೊದಲು ಸಂಬೋಧನೆ: ಅಕ್ಕತಂಗಿಯರೇ, ತಾಯಂದಿರೇ. ನಂತರ ಕಾಲದ ಸಂಕಟಗಳ ಒಂದು ಪ್ಯಾರಾ. ಅದರ ಕೆಳಗೆ ಸಂಖ್ಯೆ ಹಾಕಿದ ಹಕ್ಕೊತ್ತಾಯಗಳು. ಕೊನೆಗೆ ಒಂದು ವಿನಂತಿ, ಗುಂಪಿನ ಹೆಸರು, ಅಚ್ಚಾದ ಪ್ರೆಸ್ಸಿನ ಹೆಸರು.

ಈ ರೂಪದ ಅತ್ಯುತ್ತಮ ಭಾಗ ಹಕ್ಕೊತ್ತಾಯಗಳ ಪಟ್ಟಿ. ಒಳ್ಳೆಯ ಕರಪತ್ರಕ್ಕೆ ಯಾವ ಬೀದಿಯಲ್ಲಿ ದೀಪವಿಲ್ಲ, ನಲ್ಲಿಯಲ್ಲಿ ಎಷ್ಟು ಹೊತ್ತಿಗೆ ನೀರು ಬರುತ್ತದೆ, ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಗಾರ್ಮೆಂಟ್ಸ್ ಹುಡುಗಿ ಎಷ್ಟು ದೂರ ನಡೆಯಬೇಕು ಎಂಬುದೆಲ್ಲ ಗೊತ್ತಿರುತ್ತದೆ. ನಮ್ಮ ಎಷ್ಟೋ ಸಾಮಾಜಿಕ ಕಾದಂಬರಿಗಳಿಗಿಂತ ಹೆಚ್ಚು ಊರು ಈ ಪಟ್ಟಿಗಳಲ್ಲಿದೆ. ಆದರೆ ಅದರ ಕ್ರಿಯಾಪದಗಳನ್ನು ಗಮನಿಸಿ: ಆಗಬೇಕು, ಸಿಗಬೇಕು, ಒದಗಿಸಬೇಕು, ಕ್ರಮ ಕೈಗೊಳ್ಳಬೇಕು. ಕರ್ತೃವನ್ನು ಬಿಟ್ಟು ವಾಕ್ಯ ಮುಗಿಸಲು ಕನ್ನಡ ಧಾರಾಳವಾಗಿ ಅವಕಾಶ ಕೊಡುತ್ತದೆ. ದೀಪ ಹಾಕಿಸಬೇಕು ಅನ್ನುತ್ತೇವೆ, ಹಾಕಿಸಬೇಕಾದವರು ಯಾರು ಎಂಬುದನ್ನು ಬಿಡುತ್ತೇವೆ. ಕೊನೆಯ ಸಾಲಿನಲ್ಲಂತೂ ಚತುರ್ಥಿ ವಿಭಕ್ತಿಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಮತ ನೀಡಿ ಎಂದಮೇಲೆ ‘ಇಂಥವರಿಗೆ’ ಎನ್ನಲೇಬೇಕು. ಅಲ್ಲಿ ನಾವು ‘ಎತ್ತಿಹಿಡಿಯುವವರಿಗೆ’, ‘ಬದ್ಧರಾಗಿರುವವರಿಗೆ’, ‘ಸ್ಪಂದಿಸುವವರಿಗೆ’ ಎನ್ನುತ್ತೇವೆ. ವ್ಯಾಕರಣದ ಪ್ರಕಾರ ವಾಕ್ಯ ಪೂರ್ತಿಯಾಗುತ್ತದೆ. ಆದರೆ ಆ ‘ವವರಿಗೆ’ಯಲ್ಲಿ ಯಾವ ಮುಖವೂ ಇಲ್ಲ. ವಾರ್ಡಿನಲ್ಲಿ ನಿಂತ ಎಲ್ಲರೂ, ಹೆಂಡತಿಯ ಬದಲು ತಾನೇ ಸಭೆಗೆ ಹೋಗಿ ಕೂರುವ ಗಂಡನೂ ಸೇರಿ, ಅದು ತನಗೇ ಬರೆದದ್ದು ಎಂದುಕೊಳ್ಳಬಹುದು.

ವಸ್ತುಗಳ ವಿಷಯದಲ್ಲಿ ಇಷ್ಟು ಖಚಿತವಾಗಿರುವ ಬರಹ ಮನುಷ್ಯರ ವಿಷಯಕ್ಕೆ ಬಂದಾಗ ಮಸುಕಾಗುವುದೇಕೆ?

ಮೊದಲ ಉತ್ತರ ಕಾನೂನಿನದು. ನಮ್ಮ ಗುಂಪಿನಲ್ಲಿದ್ದ ವಕೀಲೆಯೊಬ್ಬರು ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 171ಎಚ್ ಕಲಮನ್ನು ತೋರಿಸಿದರು. ಅಭ್ಯರ್ಥಿಯ ಲಿಖಿತ ಅಧಿಕಾರವಿಲ್ಲದೆ ಆತನ ಗೆಲುವಿಗಾಗಿ ಸಭೆಗೋ ಜಾಹೀರಾತಿಗೋ ಕರಪತ್ರಕ್ಕೋ ಖರ್ಚು ಮಾಡುವುದು ಅಪರಾಧ. ದಂಡ 500 ರೂಪಾಯಿವರೆಗೆ. ಖರ್ಚು ಹತ್ತು ರೂಪಾಯಿ ಮೀರದಿದ್ದರೆ, ಹತ್ತು ದಿನದೊಳಗೆ ಅಭ್ಯರ್ಥಿಯ ಲಿಖಿತ ಒಪ್ಪಿಗೆ ಪಡೆದು ಪಾರಾಗಬಹುದು. ಹಣವಂತರು ಅಭ್ಯರ್ಥಿಯ ಲೆಕ್ಕಕ್ಕೆ ಸಿಗದಂತೆ ಹಿಂಬಾಗಿಲಿನಿಂದ ಖರ್ಚು ಮಾಡುವುದನ್ನು ತಡೆಯಲು ಮಾಡಿದ ನಿಯಮ ಇದು. ಸರಿಯಾದ ಉದ್ದೇಶವೇ. ಆದರೆ ಇದು ಹೆಸರು ಹೇಳುವುದನ್ನು ನಿಷೇಧಿಸುವುದಿಲ್ಲ, ಬರೆದ ಒಪ್ಪಿಗೆ ಕೇಳುತ್ತದೆ ಅಷ್ಟೆ. ಆಕೆಯನ್ನು ಕೇಳಿದ್ದರೆ ಒಂದು ಚೀಟಿ ಬರೆದುಕೊಡುತ್ತಿದ್ದರು. ನಾವು ಕೇಳಲಿಲ್ಲ. ಕಾನೂನು ನಮಗೆ ಕಾರಣವಾಗಿರಲಿಲ್ಲ, ನೆಪವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಎರಡನೆಯ ಉತ್ತರ ಹೆಚ್ಚು ಗಟ್ಟಿ. ಹೆಸರು ಹೇಳಿದರೆ ಚಳವಳಿ ಪಕ್ಷದ ಬಾಲವಾಗುತ್ತದೆ. ನಾಳೆ ಅದೇ ವ್ಯಕ್ತಿ ತಪ್ಪು ಮಾಡಿದರೆ ಪ್ರಶ್ನಿಸುವ ಬಾಯಿ ಕಟ್ಟಿಹೋಗುತ್ತದೆ. ಈ ಭಯ ಸುಳ್ಳಲ್ಲ. ಆದರೆ ಇದೇ ರಾಜ್ಯದಲ್ಲಿ ಬೇರೆಯವರಿಗೆ ಈ ಭಯ ಕಾಡಲಿಲ್ಲ ಎಂಬುದನ್ನೂ ನೋಡಬೇಕು. 2013ರಲ್ಲಿ ಬೆಂಗಳೂರಿನ ಉದ್ಯಮಿಗಳು, ಗಣ್ಯರು ಸೇರಿ ಕಟ್ಟಿದ ಬಿ.ಪ್ಯಾಕ್ ಆ ವರ್ಷದ ವಿಧಾನಸಭಾ ಚುನಾವಣೆಯಲ್ಲೂ 2015ರ ಪಾಲಿಕೆ ಚುನಾವಣೆಯಲ್ಲೂ ಅಭ್ಯರ್ಥಿಗಳ ಹೆಸರು ಹೇಳಿಯೇ ಬೆಂಬಲ ಸಾರಿತು. ನಗರದ ಮೇಲೆ ತಮ್ಮ ಹಕ್ಕಿದೆ ಎಂದು ನಂಬಿದವರಿಗೆ ಹೆಸರು ಹೇಳುವುದು ಸಂಕೋಚದ ವಿಷಯವಲ್ಲ. ಬೇಡುವ ಸ್ಥಾನದಲ್ಲಿ ನಿಂತವರಿಗೆ ಮಾತ್ರ, ಕೊಡುವವರು ಯಾರಾದರೂ ಆಗಲಿ, ಎಲ್ಲರನ್ನೂ ಒಳ್ಳೆಯವರನ್ನಾಗಿ ಇಟ್ಟುಕೊಳ್ಳಬೇಕಾಗುತ್ತದೆ.

ಹೆಣ್ಣಿಗೂ ಹೆಸರಿಗೂ ಇರುವ ಸಂಬಂಧವೇ ನಮ್ಮಲ್ಲಿ ತೊಡಕಿನದು. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ತಾಯಿ, ಇಂಥವರ ಹೆಂಡತಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಡಲಾಯಿತು. ಅವರಲ್ಲಿ ಬಹುಪಾಲು ಉತ್ತರದ ರಾಜ್ಯಗಳವರು. ನಮ್ಮ ಕಡೆ ಹೆಸರು ಉಳಿಯಿತು, ಆದರೆ ಅದರ ಪಕ್ಕದಲ್ಲಿ ‘ಕೋಂ’ ಎಂಬ ಒಂದಕ್ಷರದ ಬೇಲಿಯೂ ಉಳಿಯಿತು. ಪಹಣಿಯಿಂದ ಪಡಿತರ ಚೀಟಿಯವರೆಗೆ ಅದು ಜೊತೆಗೇ ಬಂತು. ಇತ್ತ ಮದುವೆಮನೆಗಳಲ್ಲಿ, ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದ ಹೆಣ್ಣಿನಿಂದ ಒಗಟು ಕಟ್ಟಿಸಿ, ಅದರೊಳಗೆ ಆ ಹೆಸರನ್ನು ಹೇಳಿಸುವ ಆಟವಿದೆ. ನೇರ ಹೇಳಲಾಗದ ಹೆಸರನ್ನು ಪದಗಳ ಮಡಿಕೆಯಲ್ಲಿಟ್ಟು ದಾಟಿಸುವ ಜಾಣ್ಮೆ ನಮ್ಮ ಅಜ್ಜಿಯರಿಗಿತ್ತು. ನಮ್ಮ ಕರಪತ್ರವೂ ಒಗಟೇ. ಆದರೆ ಉತ್ತರವಿಲ್ಲದ ಒಗಟು.

ಇದನ್ನು ಅರ್ಥಮಾಡಿಕೊಳ್ಳಲು ನನಗೆ ನೆರವಾದದ್ದು ನಮ್ಮ ಜಿಲ್ಲೆಯವರೇ ಆದ ಬಾನು ಮುಷ್ತಾಕ್ ಅವರ ಕಥೆಗಳು. 2025ರ ಮೇ ತಿಂಗಳಲ್ಲಿ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಅವರನ್ನು ಕಥೆಗಾರ್ತಿ, ವಕೀಲೆ, ಲಂಕೇಶ್ ಪತ್ರಿಕೆಯ ವರದಿಗಾರ್ತಿ ಎಂದು ಎಲ್ಲರೂ ಪರಿಚಯಿಸಿದರು. ಅವರು ಹಾಸನ ನಗರಸಭೆಯ ಚುನಾಯಿತ ಸದಸ್ಯೆಯೂ ಆಗಿದ್ದವರು ಎಂಬುದು ಒಂದು ಸಾಲಿನ ವಿವರವಾಗಿ ಹಿಂದೆ ಸರಿಯಿತು. ನನಗೆ ಅದು ಅವರ ಕಥೆಗಳನ್ನು ಓದುವ ಕೀಲಿಯಂತೆ ಕಾಣುತ್ತದೆ. ಅವರ ಮೊಹಲ್ಲಾ ಕಥೆಗಳ ಕೇಂದ್ರದಲ್ಲಿ ಮತ್ತೆ ಮತ್ತೆ ಕಾಣುವುದು ಸ್ಥಳೀಯ ಅಧಿಕಾರ: ಹತ್ತಿರದ, ಮುಖ ಗೊತ್ತಿರುವ, ಬಾಗಿಲು ತಟ್ಟಬಹುದಾದ ಅಧಿಕಾರ.

‘ಕರಿ ನಾಗರಗಳು’ ಕಥೆಯನ್ನೇ ನೋಡಿ. ಗಿರೀಶ ಕಾಸರವಳ್ಳಿಯವರು 2004ರಲ್ಲಿ ‘ಹಸೀನಾ’ ಚಿತ್ರ ಮಾಡಿದ್ದು ಈ ಕಥೆಯಿಂದಲೇ. ಗಂಡ ಕೈಬಿಟ್ಟ ಒಬ್ಬ ಹೆಣ್ಣು, ಹೆಣ್ಣುಮಕ್ಕಳ ತಾಯಿ, ನ್ಯಾಯಕ್ಕಾಗಿ ಮಸೀದಿಯ ಮುತವಲ್ಲಿಯ ಮುಂದೆ ನಿಲ್ಲುತ್ತಾಳೆ. ಆ ಜಮಾಅತ್ ಅವಳ ಬದುಕನ್ನು ತೀರ್ಮಾನಿಸುತ್ತದೆ, ಆದರೆ ಅದನ್ನು ಆರಿಸುವುದರಲ್ಲಿ ಅವಳ ಮಾತಿಲ್ಲ. ಅವಳಿಗೆ ಉಳಿದ ಮೊದಲ ಭಾಷೆ ಅರ್ಜಿ. ಬೇಡುತ್ತಾಳೆ, ಕಾಯುತ್ತಾಳೆ, ಶಾಸ್ತ್ರದಲ್ಲಿ ತನಗಿರುವ ಹಕ್ಕನ್ನೂ ನೆನಪಿಸುತ್ತಾಳೆ. ಅರ್ಜಿ ಸೋಲುತ್ತದೆ, ಮಗು ಸಾಯುತ್ತದೆ. ಆಗ ಮೊಹಲ್ಲಾದ ಹೆಂಗಸರು ಎರಡನೆಯ ಭಾಷೆಯನ್ನು ಎತ್ತಿಕೊಳ್ಳುತ್ತಾರೆ. ಅದು ಶಾಪ. ಮುತವಲ್ಲಿ ಬೀದಿಯಲ್ಲಿ ನಡೆದರೆ ಸಾಕು, ಅದು ಅವನ ಬೆನ್ನಿಗೆ ಬೀಳುತ್ತದೆ. ಅತ್ತ ಅವನ ಹೆಂಡತಿ ಇನ್ನು ಮಕ್ಕಳು ಸಾಕೆಂದು ಆಪರೇಷನ್ನಿಗೆ ಹೊರಡುತ್ತಾಳೆ.

ಅರ್ಜಿ, ಶಾಪಗಳ ವ್ಯತ್ಯಾಸ ಇಲ್ಲಿದೆ. ಅರ್ಜಿಗೆ ಕೊಡುವವನ ಹುದ್ದೆ ಗೊತ್ತಿದ್ದರೆ ಸಾಕು, ‘ಮಾನ್ಯರೇ’ ಎಂದು ಬರೆಯಬಹುದು. ಶಾಪಕ್ಕೆ ವ್ಯಕ್ತಿಯೇ ಬೇಕು. ‘ಒಮ್ಮೆ ಹೆಣ್ಣಾಗು ಪ್ರಭುವೇ’ ಎಂಬ ಅವರ ಇನ್ನೊಂದು ಕಥೆಯಲ್ಲಿ ಅರ್ಜಿ ನೇರವಾಗಿ ದೇವರಿಗೇ ಹೋಗುತ್ತದೆ. ಇಲ್ಲಿನ ಎಲ್ಲ ಕಚೇರಿಗಳ ಬಾಗಿಲೂ ಮುಚ್ಚಿದ ಮೇಲೆ ಉಳಿಯುವ ವಿಳಾಸ ಅದೊಂದೇ. ಈ ಎರಡು ಭಾಷೆಗಳ ನಡುವೆ ಮೂರನೆಯದೊಂದು ಭಾಷೆ ಇರಬೇಕಾದ ಜಾಗ ಈ ಕಥೆಗಳಲ್ಲಿ ಖಾಲಿ ಇದೆ. ಅದು ಮತದ ಜಾಗ. ಮತವೆಂದರೆ ಬೇಡದೆ, ಶಪಿಸದೆ, ಒಂದು ಹೆಸರನ್ನು ಆರಿಸಿ ಇನ್ನೊಂದನ್ನು ಕೆಳಗಿಳಿಸುವುದು. ನಗರಸಭೆಯಲ್ಲಿ ಕೂತಿದ್ದ ಲೇಖಕಿಗೆ ಆ ಖಾಲಿ ಜಾಗದ ಅಳತೆ ಚೆನ್ನಾಗಿ ಗೊತ್ತಿತ್ತು ಎಂದು ನಾನು ಓದಿಕೊಳ್ಳುತ್ತೇನೆ. ಮಸೀದಿಗೆ ಹೋಗುವ ಹಕ್ಕು ಹೆಂಗಸರಿಗೂ ಇದೆ ಎಂದು ಹೇಳಿದ್ದಕ್ಕೆ 2000ದಲ್ಲಿ ಅವರು ಸಾಮಾಜಿಕ ಬಹಿಷ್ಕಾರ ಎದುರಿಸಿದರು. ಮಾತಿಗೆ ತೆರಬೇಕಾದ ಬೆಲೆ ಎಷ್ಟೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಕಥೆಯ ಹೆಣ್ಣಿಗೆ ಮತವಿರಲಿಲ್ಲ. ನಮಗಿದೆ. 1983ರ ಕಾಯ್ದೆ ಕರ್ನಾಟಕದ ಮಂಡಲ ಮತ್ತು ಜಿಲ್ಲಾ ಪರಿಷತ್ತುಗಳಲ್ಲಿ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟಿತು. 1987ರಲ್ಲಿ ಅದರಂತೆ ಚುನಾವಣೆಯಾಯಿತು. 2010ರಲ್ಲಿ ಪಂಚಾಯಿತಿಗಳಲ್ಲಿ ಅದು ಅರ್ಧಕ್ಕೇರಿತು, ನಗರ ಸಂಸ್ಥೆಗಳಿಗೂ ಹರಡಿತು. ಅರ್ಧ ಕುರ್ಚಿಗಳು ನಮ್ಮವಾದ ಮೇಲೂ ನಮ್ಮ ಚುನಾವಣಾ ಬರಹ ಮಾತ್ರ ಮತವಿಲ್ಲದವರ ಭಾಷೆಯಾದ ಅರ್ಜಿಯಲ್ಲೇ ನಿಂತಿದೆ. ನನ್ನ ತಕರಾರು ಇಷ್ಟೇ.

ಬೇರೆ ದಾರಿ ಸಾಧ್ಯವಿಲ್ಲವೆಂದೇನೂ ಇಲ್ಲ. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮದ್ರಾಸ್ ವಿಧಾನ ಪರಿಷತ್ತಿಗೆ ಸ್ಪರ್ಧಿಸಿದಾಗ, ಅವರನ್ನು ನಿಲ್ಲುವಂತೆ ಒತ್ತಾಯಿಸಿ ಪ್ರಚಾರಕ್ಕೂ ಇಳಿದವರು ಮಹಿಳಾ ಸಂಘಟನೆಯ ಮಾರ್ಗರೆಟ್ ಕಸಿನ್ಸ್. ಕಮಲಾದೇವಿ ಅಲ್ಪ ಅಂತರದಲ್ಲಿ ಸೋತರು. ನಮ್ಮ ಕರಾವಳಿಯಲ್ಲೇ ಮಹಿಳಾ ಚಳವಳಿ ಒಂದು ಹೆಸರಿನ ಹಿಂದೆ ನಿಂತು ಸೋತ ಈ ನಿದರ್ಶನಕ್ಕೆ ಈಗ ನೂರು ವರ್ಷ. ಆ ಸೋಲಿನಿಂದ ಕಮಲಾದೇವಿಯವರ ಬಾಯಿ ಕಟ್ಟಿಹೋಗಲಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಉದಾಹರಣೆ ದೂರದ ನಾರ್ವೆಯದು. ಅಲ್ಲಿನ ನಗರಸಭಾ ಚುನಾವಣೆಯಲ್ಲಿ ಪಕ್ಷ ಕೊಟ್ಟ ಪಟ್ಟಿಯಲ್ಲಿ ಬೇಡದ ಹೆಸರನ್ನು ಮತದಾರ ಹೊಡೆದುಹಾಕಬಹುದಿತ್ತು. 1971ರಲ್ಲಿ ಅಲ್ಲಿನ ಮಹಿಳೆಯರು ಪಕ್ಷಾತೀತವಾಗಿ ಕೂಡಿ, ಗಂಡಸರ ಹೆಸರುಗಳನ್ನು ಹೇಗೆ ಹೊಡೆಯಬೇಕು, ಹೆಂಗಸರನ್ನು ಹೇಗೆ ಮೇಲೆ ತರಬೇಕು ಎಂದು ಮತದಾರರಿಗೆ ಹೇಳಿಕೊಟ್ಟರು. ಓಸ್ಲೊ, ಟ್ರೋನ್‌ಹೈಮ್, ಆಸ್ಕರ್ ಸಭೆಗಳಲ್ಲಿ ಮಹಿಳೆಯರಿಗೆ ಬಹುಮತ ಬಂತು. ಅಲ್ಲಿ ಅದಕ್ಕೆ ಬಿದ್ದ ಹೆಸರು ‘ಮಹಿಳಾ ದಂಗೆ’ ಎಂಬರ್ಥದ್ದು. ಮುಂದೆ ನಿಯಮವನ್ನೇ ಬದಲಿಸಿ ಹಾಗೆ ಹೊಡೆದುಹಾಕುವುದನ್ನು ಕಷ್ಟ ಮಾಡಲಾಯಿತು. ಅದನ್ನು ಓದಿದಾಗ ನನಗೆ ನೆನಪಾದದ್ದು ಮುತವಲ್ಲಿಯ ಬೆನ್ನಿಗೆ ಬಿದ್ದ ಶಾಪಗಳು. ಶಾಪವನ್ನು ಮತಪತ್ರದ ಮೇಲೆ ಬರೆಯಲು ಬಂದರೆ ಅದು ಹೀಗಿರುತ್ತದೆ.

ನಮಗೆ ಹತ್ತಿರದ್ದು ಮುನ್ನಾರ್. 2015ರ ಸೆಪ್ಟೆಂಬರಿನಲ್ಲಿ ಚಹಾ ತೋಟದ ಕೂಲಿ ಹೆಂಗಸರು ಬೋನಸ್ಸು, ಕೂಲಿಗಾಗಿ ರಸ್ತೆಗಿಳಿದರು. ಪಕ್ಷಗಳ ಯೂನಿಯನ್ ಮುಖಂಡರನ್ನೂ ಹತ್ತಿರ ಸೇರಿಸಲಿಲ್ಲ. ‘ಪೆಂಬಿಳೈ ಒರುಮೈ’ ಎಂದು ಕರೆದುಕೊಂಡ ಅವರು ಎರಡೇ ತಿಂಗಳಲ್ಲಿ ಬಂದ ಸ್ಥಳೀಯ ಚುನಾವಣೆಯಲ್ಲಿ ಬೇರೆಯವರಿಗೆ ಹಕ್ಕೊತ್ತಾಯ ಸಲ್ಲಿಸದೆ ತಮ್ಮವರನ್ನೇ ನಿಲ್ಲಿಸಿದರು. ಕೆಲವರು ಗೆದ್ದರು. ನಾಯಕಿಯರಲ್ಲೊಬ್ಬರಾದ ಗೋಮತಿ ದೇವಿಕುಳಂ ಬ್ಲಾಕ್ ಪಂಚಾಯಿತಿಗೆ ಆಯ್ಕೆಯಾದರು. ಆಮೇಲೆ ಸಂಘಟನೆ ಒಡೆಯಿತು. ಹೆಸರು ಹೇಳಿದವರಿಗೆ ಒಡಕಿನ ಅಪಾಯ ಇದ್ದೇ ಇದೆ. ಆದರೆ ಹೆಸರು ಹೇಳದವರೂ ಒಡೆದಿರುವುದನ್ನು ನಾವು ಕಂಡಿದ್ದೇವಲ್ಲ.

ತೋಟದ ಮಾತು ಬಂದದ್ದರಿಂದ ಅರೇಹಳ್ಳಿಗೆ ಬರುತ್ತೇನೆ. 2020ರ ಡಿಸೆಂಬರ್ 22 ಮತ್ತು 27ರಂದು ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗಳು ನಡೆದವು. ಅದು ನಮ್ಮಲ್ಲಿ ಕಾಫಿ ಕೊಯ್ಲಿನ ಕಾಲ. ಆನೆ ಬಂದಿದೆಯೋ ಇಲ್ಲವೋ ಎಂದು ವಿಚಾರಿಸಿಕೊಂಡೇ ಹೆಂಗಸರು ಬೆಳಿಗ್ಗೆ ತೋಟಕ್ಕೆ ಹೋಗುವ ದಿನಗಳು. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯಿಲ್ಲ, ಕರಪತ್ರವೂ ಕಡಿಮೆ. ಆದರೆ ಶಿಫಾರಸು ಇರಲಿಲ್ಲವೆಂದಲ್ಲ. ಹಣ್ಣು ಕೊಯ್ಯುತ್ತ, ಸಂಜೆ ಅಳತೆಗೆ ನಿಂತಾಗ, ಲೈನ್ ಮನೆಯ ನಲ್ಲಿಯ ಹತ್ತಿರ, ಸಂಘದ ವಾರದ ಕಂತು ಕಟ್ಟುವಾಗ, ಅದು ಬಾಯಿಂದ ಬಾಯಿಗೆ ನಡೆಯುತ್ತಿತ್ತು. ನನ್ನ ಅಮ್ಮನಿಗೆ ಯಾರ ಬಗ್ಗೆ ಏನು ಹೇಳಬೇಕೆಂದು ಖಚಿತವಾಗಿ ಗೊತ್ತಿತ್ತು. “ಅವ್ಳು ಹೋದ್ ಸಲ ಗ್ರಾಮಸಭೇಲಿ ಎದ್ದು ಕೇಳಿದ್ಲು, ಇವ್ಳ ಬದ್ಲು ಇವ್ಳ ಗಂಡ ಬಂದು ಕೂತಿದ್ದ.” ಅಷ್ಟೇ ಮಾತು. ಘನತೆ, ಸಬಲೀಕರಣ ಎಂಬ ಪದಗಳಿಲ್ಲ. ಎರಡು ಹೆಸರು, ಎರಡು ಘಟನೆ.

ನಾನು ಆ ಬಾಯಿಮಾತನ್ನು ಆದರ್ಶವಾಗಿಸುತ್ತಿಲ್ಲ. ಅದೇ ಬಾಯಿಮಾತಿನಲ್ಲಿ ಜಾತಿ ಇರುತ್ತದೆ, ಮನೆತನ ಇರುತ್ತದೆ, ಸಾಲ ಕೊಟ್ಟವರ ಹಂಗು ಇರುತ್ತದೆ. ‘ನಮ್ಮ ಹುಡುಗಿ’ ಎಂಬಲ್ಲಿ ‘ನಮ್ಮ’ ಎಂದರೆ ಯಾರು ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಸ್ತ್ರೀವಾದಿ ಶಿಫಾರಸು ಇದಕ್ಕಿಂತ ಬೇರೆಯಾಗಬೇಕಾದದ್ದು ಅದಕ್ಕೇ. ಆದರೆ ಬೇರೆಯಾಗುವ ದಾರಿ ಹೆಸರನ್ನು ತೆಗೆಯುವುದಲ್ಲ. ಹೆಸರಿನ ಪಕ್ಕದಲ್ಲಿ ಜಾತಿಯ ಬದಲು ಘಟನೆಯನ್ನು ಇಡುವುದು. ನಾವು ಹೆಸರು ಬಿಟ್ಟಾಗ ಆ ಜಾಗ ಖಾಲಿ ಉಳಿಯುವುದಿಲ್ಲ. ಮನೆಯ ಗಂಡಸರು, ಮಠದ ಮಾತು, ರಾತ್ರಿ ಬಂದ ಕವರು ಅದನ್ನು ತುಂಬುತ್ತವೆ.

ಇಲ್ಲಿ ಒಂದು ಗಂಭೀರ ಆಕ್ಷೇಪಣೆಯನ್ನು ಎದುರಿಸಬೇಕು. ಹೆಸರು ಹೇಳುವುದು ಹೆಂಗಸರಿಗೆ ಎಷ್ಟು ಅಪಾಯಕಾರಿ ಎಂಬುದನ್ನು ಹಾಸನ ಜಿಲ್ಲೆಯವರಿಗೆ ಹೇಳಿಕೊಡಬೇಕೆ? 2024ರ ಏಪ್ರಿಲ್ 26ರ ಲೋಕಸಭಾ ಮತದಾನಕ್ಕೆ ಮುನ್ನ ಪೆನ್‌ಡ್ರೈವ್‌ಗಳಲ್ಲಿ ಹರಿದಾಡಿದ ದೃಶ್ಯಗಳಲ್ಲಿ ಹೆಂಗಸರ ಮುಖಗಳನ್ನು ಮರೆಮಾಡಿರಲಿಲ್ಲ. ಗುಟ್ಟಾಗಿರಬೇಕಾದ ಗುರುತುಗಳು ಚುನಾವಣೆಯ ಸರಕಾದವು. ಮೇ 30ರಂದು ನಾಡಿನ ಮಹಿಳಾ ಸಂಘಟನೆಗಳೂ ಜನಪರ ಚಳವಳಿಗಳೂ ‘ಹೋರಾಟದ ನಡಿಗೆ ಹಾಸನದ ಕಡೆಗೆ’ ಎಂದು ಬಂದು ಹಾಸನದ ಬೀದಿಗಳಲ್ಲಿ ನಡೆದಾಗ, ಆ ಹೋರಾಟ ಒಂದು ನಿಯಮವನ್ನು ಕಲಿಸಿತು: ನೊಂದವರ ಹೆಸರನ್ನು ಕಾಯಬೇಕು, ಅಧಿಕಾರಸ್ಥನ ಹೆಸರನ್ನು ಹೇಳಬೇಕು. ಅಲ್ಲಿ ಪ್ರಜ್ವಲ್ ರೇವಣ್ಣ ಎಂಬ ಹೆಸರನ್ನು ಯಾರೂ ‘ಪ್ರಭಾವಿಗಳು’ ಎಂದು ಸುತ್ತಿ ಹೇಳಲಿಲ್ಲ. 2025ರ ಆಗಸ್ಟ್ 1ರಂದು ವಿಶೇಷ ನ್ಯಾಯಾಲಯ ಒಂದು ಪ್ರಕರಣದಲ್ಲಿ ಅವರನ್ನು ದೋಷಿ ಎಂದು ತೀರ್ಪಿತ್ತು, ಮಾರನೆಯ ದಿನ ಜೀವಾವಧಿ ಶಿಕ್ಷೆ ವಿಧಿಸಿತು. ಹಾಗಾದರೆ ನಮ್ಮ ಸಂಘಟನೆಗಳಿಗೆ ಹೆಸರು ಹೇಳಲು ಬರುವುದಿಲ್ಲ ಎನ್ನುವುದು ನಿಜವಲ್ಲ. ಅನ್ಯಾಯ ನಡೆದ ಮೇಲೆ ಹೇಳುತ್ತೇವೆ, ಮತಗಟ್ಟೆಗೆ ಮುಂಚೆ ಹೇಳುವುದಿಲ್ಲ. ನಾಮಪತ್ರ ಸಲ್ಲಿಸಿದ ದಿನವೇ ಅಭ್ಯರ್ಥಿ ತನ್ನ ಹೆಸರನ್ನು ತಾನಾಗಿ ಸಾರ್ವಜನಿಕರ ಕೈಗೆ ಕೊಟ್ಟಿರುತ್ತಾರೆ. ಅದನ್ನು ಗುಟ್ಟಾಗಿ ಕಾಯಬೇಕಾದ ಹೊಣೆ ನಮ್ಮದಲ್ಲ.

ಇನ್ನೊಂದು ತೊಡಕು ನಿಜವಾದದ್ದು. ವಾರ್ಡಿನ ಮೀಸಲಾತಿ ಬದಲಾಗುತ್ತ ಹೋಗುತ್ತದೆ. ಈ ಸಲ ಮಹಿಳಾ ಮೀಸಲಿನಿಂದ ಗೆದ್ದು ಕೆಲಸ ಕಲಿತವಳಿಗೆ ಮುಂದಿನ ಸಲ ಅದೇ ವಾರ್ಡಿನಲ್ಲಿ, ಕಾನೂನು ತಡೆಯದಿದ್ದರೂ, ಪಕ್ಷ ಟಿಕೆಟ್ ಕೊಡುವುದು ಅಪರೂಪ. ಕೆಲಸ ನೋಡಿ ಮತ ಕೊಡಿ ಎನ್ನಲು ಕೆಲಸ ಮಾಡಿದವಳೇ ಕಣದಲ್ಲಿರುವುದಿಲ್ಲ. ಚುನಾವಣೆಯೇ ನಡೆಯದೆ ಹೋಗುವುದೂ ಉಂಟು. ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲೂ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೂ ಮುಗಿದು, ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲೇ ಉಳಿದವು. ಆರಿಸುವ ಭಾಷೆಯನ್ನು ರೂಢಿಸಿಕೊಳ್ಳಲು ಆರಿಸುವ ಸಂದರ್ಭವೇ ಸಿಗದಿದ್ದರೆ, ಅರ್ಜಿಯ ಭಾಷೆಗೆ ಮರಳದೆ ಇನ್ನೇನು ದಾರಿ? ಆದ್ದರಿಂದಲೇ ಸಿಕ್ಕಿದ ಚುನಾವಣೆಯಲ್ಲಾದರೂ ಆ ಭಾಷೆಯನ್ನು ವ್ಯರ್ಥ ಮಾಡಬಾರದು.

ಅವತ್ತು ಮಧ್ಯಾಹ್ನ ಚಿಕ್ಕಮ್ಮ ಮತ ಹಾಕಿ ಬಂದರು. ಯಾರಿಗೆ ಹಾಕಿದಿರಿ ಎಂದು ಕೇಳಿದೆ. ಶಾಯಿಯ ಬೆರಳನ್ನು ಸೋಪು ಹಚ್ಚಿ ತೊಳೆಯುತ್ತ ಅವರು, “ನೀವೂ ಹೇಳ್ಲಿಲ್ಲ, ನಾನೂ ಹೇಳಲ್ಲ” ಎಂದು ನಕ್ಕರು. ನಮ್ಮ ಕರಡಿನಲ್ಲಿದ್ದ ಆ ಹೆಣ್ಣುಮಗಳು ಸೋತರು. ಹೆಸರಿದ್ದಿದ್ದರೆ ಗೆಲ್ಲುತ್ತಿದ್ದರು ಎಂಬ ಭ್ರಮೆ ನನಗಿಲ್ಲ. ನಾವು ಅಚ್ಚು ಹಾಕಿಸಿದ್ದೇ ಐನೂರು ಪ್ರತಿ. ಆದರೆ ಆಮೇಲೊಂದು ದಿನ ಆಕೆ ದಾರಿಯಲ್ಲಿ ಸಿಕ್ಕಾಗ, ಕರಪತ್ರ ಓದಿದೆ ಎಂದರು. ಚೆನ್ನಾಗಿತ್ತು ಎಂದೂ ಹೇಳಿದರು. ಅದರಲ್ಲಿದ್ದ ಬೇಡಿಕೆಗಳಲ್ಲಿ ನಾಲ್ಕು ಆಕೆ ಬರೆದ ಅರ್ಜಿಗಳಿಂದಲೇ ಬಂದವು. ಅದನ್ನು ಆಕೆ ಹೇಳಲಿಲ್ಲ. ಕೆಲಸವನ್ನು ಎತ್ತಿಕೊಂಡು ಹೆಸರನ್ನು ಬಿಟ್ಟಿದ್ದೆವು. ಹೆಂಗಸರ ದುಡಿಮೆಗೆ ಬೇರೆಯವರು ಹೀಗೆ ಮಾಡಿದಾಗ ಅದನ್ನು ಏನೆಂದು ಕರೆಯಬೇಕೆಂದು ನಮಗೆ ಗೊತ್ತಿದೆ.

ಮುಂದಿನ ಕರಪತ್ರ ಹೇಗಿರಬೇಕೆಂದು ಈಗ ನನಗೊಂದು ಅಂದಾಜಿದೆ. ಮುಂಭಾಗ ಇದ್ದಂತೆಯೇ ಇರಲಿ: ಅಕ್ಕತಂಗಿಯರು, ದೀಪ, ನೀರು, ಬಸ್ಸು. ಹಿಂಭಾಗವನ್ನು ಖಾಲಿ ಬಿಡಬಾರದು. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕಿದರೆ ಸಭೆಯ ಹಾಜರಿ, ನಡಾವಳಿ ಕೇಳಬಹುದು. ಯಾವ ಸದಸ್ಯೆ ಎಷ್ಟು ಸಭೆಗೆ ಬಂದರು, ಏನು ಕೇಳಿದರು, ಯಾರ ಬದಲು ಯಾರು ಕೂತಿದ್ದರು ಎಂಬುದನ್ನು ಹೆಸರು ಸಹಿತ ಅಲ್ಲಿ ಅಚ್ಚು ಹಾಕಬೇಕು. ಅದರ ಕೆಳಗೆ ಹೊಸದಾಗಿ ನಿಂತವರು ಊರಿಗಾಗಿ ಈವರೆಗೆ ಏನು ಮಾಡಿದ್ದಾರೆ ಎಂಬುದು ಬರಬೇಕು. ಕೊನೆಗೆ, ಗುಂಪು ಒಮ್ಮತಕ್ಕೆ ಬಂದಿದ್ದರೆ, ಅಭ್ಯರ್ಥಿಯ ಲಿಖಿತ ಒಪ್ಪಿಗೆ ಪಡೆದು, ನಾವು ಇಂಥವರಿಗೆ ಮತ ಹಾಕುತ್ತಿದ್ದೇವೆ, ಕಾರಣ ಇದು ಎಂಬ ಒಂದು ಸಾಲು. ತಪ್ಪಿದರೆ ಮುಂದಿನ ಸಲ, ತಪ್ಪಿದೆವು ಎಂದು ಅದೇ ಜಾಗದಲ್ಲಿ ಬರೆಯಬಹುದು. ಚಿಕ್ಕಮ್ಮ ಅದನ್ನು ಒಪ್ಪಲೇಬೇಕೆಂದಿಲ್ಲ. ತಿರುಗಿಸಿ ನೋಡಿದಾಗ ಅಲ್ಲೇನಾದರೂ ಇರಬೇಕು, ಅಷ್ಟೆ.